ಮುಖ್ಯ ಶಿಕ್ಷಕಿಯಾದ ಮೇಲೂ ಸೀಮೆಸುಣ್ಣ ಕೈಬಿಡಲಾಗುತ್ತಿಲ್ಲ

ಪ್ರಶ್ನೆ: ಹತ್ತರ ಕಟ್ಟು

ಎಲ್ಲರಿಗೂ ನಮಸ್ಕಾರ. ನಾನು 19 ವರ್ಷ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಸಹ ಶಿಕ್ಷಕಿಯಾಗಿ, ಹೆಚ್ಚಾಗಿ ಗಣಿತವನ್ನೇ ಬೋಧಿಸುತ್ತ ಬಂದವಳು. ಈ ಜೂನ್‌ನಲ್ಲಿ ಬಡ್ತಿ ದೊರೆತು ಇದೇ ತಾಲ್ಲೂಕಿನ ಇನ್ನೊಂದು ಶಾಲೆಗೆ ಮುಖ್ಯ ಶಿಕ್ಷಕಿಯಾಗಿ ಬಂದಿದ್ದೇನೆ. 1ರಿಂದ 7ನೇ ತರಗತಿಯವರೆಗೆ 126 ಮಕ್ಕಳಿದ್ದಾರೆ. ನನ್ನನ್ನು ಬಿಟ್ಟು ಐವರು ಶಿಕ್ಷಕರು, ಅವರಲ್ಲಿ ಒಬ್ಬರು ಅತಿಥಿ ಶಿಕ್ಷಕಿ. ಶಾಲೆ ಚೆನ್ನಾಗಿದೆ, ಊರಿನವರೂ ಒಳ್ಳೆಯವರು. ತೊಂದರೆ ನನ್ನಲ್ಲೇ ಇದೆ ಎಂದು ಅನ್ನಿಸತೊಡಗಿರುವುದರಿಂದ ಇಲ್ಲಿ ಕೇಳುತ್ತಿದ್ದೇನೆ.

ಕಳೆದ ತಿಂಗಳು 5ನೇ ತರಗತಿಯ ಮುಂದೆ ಹಾದುಹೋಗುತ್ತಿದ್ದಾಗ ಅತಿಥಿ ಶಿಕ್ಷಕಿ 612ನ್ನು 6ರಿಂದ ಭಾಗಿಸುವ ಲೆಕ್ಕ ಮಾಡಿಸುತ್ತಿದ್ದರು. ಬಾಗಿಲ ಬಳಿ ಕುಳಿತ ನಾಲ್ಕೈದು ಮಕ್ಕಳ ಪುಸ್ತಕದಲ್ಲಿ ಉತ್ತರ 12 ಎಂದಿತ್ತು. "ಇಳಿಸಿದ ಅಂಕಿ ಸಾಲದಿದ್ದರೆ ಮೇಲೆ ಸೊನ್ನೆ ಹಾಕಬೇಕು" ಎಂದು ಅವರು ಮತ್ತೆ ಮತ್ತೆ ಹೇಳುತ್ತಿದ್ದರೂ ಮಕ್ಕಳ ತಲೆಗೆ ಅದು ಹತ್ತುತ್ತಿರಲಿಲ್ಲ. ನಾನು ಒಳಗೆ ಹೋಗಿ ಅವರ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡೆ. ನೂರರ ಆರು ಕಟ್ಟು, ಹತ್ತರ ಒಂದು ಕಟ್ಟು, ಎರಡು ಬಿಡಿ ಕಡ್ಡಿಗಳ ಚಿತ್ರ ಬರೆದು, ಆರು ಜನರಿಗೆ ಹಂಚುವಾಗ ಹತ್ತರ ಕಟ್ಟು ಯಾರಿಗೂ ಇಡಿಯಾಗಿ ಸಿಗುವುದಿಲ್ಲವಾದ್ದರಿಂದ ಹತ್ತರ ಮನೆಯಲ್ಲಿ ಸೊನ್ನೆ ಬರುತ್ತದೆ, ಆ ಕಟ್ಟನ್ನು ಬಿಚ್ಚಿದರೆ ಒಟ್ಟು 12 ಬಿಡಿ ಕಡ್ಡಿಗಳಾಗಿ ತಲೆಗೆ ಎರಡು ಬರುತ್ತವೆ ಎಂದು ತೋರಿಸಿದೆ. ಹತ್ತು ನಿಮಿಷ ಸಾಕಾಯಿತು. ಮಕ್ಕಳ ಮುಖ ಅರಳಿತು, ನನಗೂ ಹಿಗ್ಗಾಯಿತು. ಮರುದಿನ ಆ ಶಿಕ್ಷಕಿ ವೇಳಾಪಟ್ಟಿ ಹಿಡಿದುಕೊಂಡು ಬಂದು, "ಮೇಡಂ, ಐದನೇ ತರಗತಿಯ ಗಣಿತವನ್ನೂ ನೀವೇ ತೆಗೆದುಕೊಂಡರೆ ಮಕ್ಕಳಿಗೆ ಒಳ್ಳೆಯದಲ್ಲವೇ?" ಎಂದು ಕೇಳಿದರು. ಅವರ ಮಾತಿನಲ್ಲಿ ವ್ಯಂಗ್ಯವೇನೂ ಇರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ಬೇಸರವಾಗುತ್ತಿರಲಿಲ್ಲವೇನೋ.

ಉಳಿದ ಕೆಲಸದಲ್ಲೂ ಇದೇ ಕಥೆ. 7ನೇ ತರಗತಿಯ ಗಣಿತ ನನ್ನದು. ಮಕ್ಕಳ ವಿವರಗಳ ಆನ್‌ಲೈನ್ ದಾಖಲೆಯಾದ ಸ್ಯಾಟ್ಸ್‌ಗೆ ಮಾಹಿತಿ ತುಂಬುವುದು, ಅಕ್ಷರ ದಾಸೋಹದ (ಬಿಸಿಯೂಟದ) ದಾಸ್ತಾನು ವಹಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯ ನಡಾವಳಿ ಎಲ್ಲವೂ ನನ್ನವೇ. ಕ್ಷೀರ ಭಾಗ್ಯದ ಹಾಲಿನ ಪುಡಿಯನ್ನೂ ಬೆಳಿಗ್ಗೆ ನಾನೇ ನಿಂತು ತೂಗುತ್ತೇನೆ. ಮಗುವಿಗೆ 18 ಗ್ರಾಂನಂತೆ 126 ಮಕ್ಕಳೂ ಬಂದರೆ 2 ಕೆಜಿ 268 ಗ್ರಾಂ. ಇನ್ನೊಬ್ಬರಿಗೆ ಹೇಳಿ ಮಾಡಿಸುವ ಹೊತ್ತಿಗೆ ನಾನೇ ಮಾಡಿ ಮುಗಿಸಿರುತ್ತೇನೆ. ನನಗಿಂತ ಮೊದಲು ಎರಡು ವರ್ಷ ಪ್ರಭಾರ ಮುಖ್ಯ ಶಿಕ್ಷಕರಾಗಿದ್ದವರು ಈಗಲೂ ಇದೇ ಶಾಲೆಯಲ್ಲಿದ್ದಾರೆ. ವಯಸ್ಸಿನಲ್ಲಿ ಹಿರಿಯರು, ಸೇವೆಯಲ್ಲಿ ಕಿರಿಯರು. ಕೇಳಿದ್ದಕ್ಕೆ ಉತ್ತರ ಕೊಡುತ್ತಾರೆ, ಅಷ್ಟೇ; ತಾವಾಗಿ ಒಂದು ಮಾತೂ ಆಡುವುದಿಲ್ಲ.

ಬೋಧನೆಯನ್ನು ಬಿಟ್ಟು ಆಡಳಿತವನ್ನಷ್ಟೇ ನೋಡಿಕೊಳ್ಳಬೇಕೇ? ಬಿಡದಿದ್ದರೆ ಎಷ್ಟು ಇಟ್ಟುಕೊಳ್ಳಬೇಕು? ಈ ದಾರಿಯಲ್ಲಿ ಮುಂದೆ ಹೋದವರು ದಯವಿಟ್ಟು ತಿಳಿಸಿ.

ಉತ್ತರ: ಹಳೇ ಗಂಟೆ

ಮೇಡಂ, ನಾನು ನಿವೃತ್ತ ಮುಖ್ಯ ಶಿಕ್ಷಕ. ಬೋಧನೆ ಬಿಡಬೇಕೇ ಎಂಬ ಪ್ರಶ್ನೆ ನಿಮ್ಮಂತಹ ಶಾಲೆಯಲ್ಲಿ ಹುಟ್ಟುವುದೇ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಪೂರ್ಣಾವಧಿ ಮುಖ್ಯ ಶಿಕ್ಷಕರು ಬೇಕಾಗುವುದು 6ರಿಂದ 8ನೇ ತರಗತಿಗಳಲ್ಲೇ 100ಕ್ಕಿಂತ ಹೆಚ್ಚು ಮಕ್ಕಳಿದ್ದಾಗ. 1ರಿಂದ 5ನೇ ತರಗತಿಗಳಿಗೆ 150 ಮಕ್ಕಳು ದಾಟಬೇಕು. 1ರಿಂದ 3ನೇ ತರಗತಿಯ ಮಕ್ಕಳು ಒಟ್ಟಿಗೆ ಕಲಿಯುವ ನಲಿಕಲಿಗೆ ಇಬ್ಬರನ್ನು ಕೊಟ್ಟರೆ ಉಳಿದ ನಾಲ್ಕು ತರಗತಿಗಳಿಗೆ ನಿಮ್ಮಲ್ಲಿ ಮೂವರಷ್ಟೇ ಉಳಿಯುತ್ತಾರೆ. ನೀವು ಪಾಠ ಮಾಡಲೇಬೇಕು. ಯಾವ ತರಗತಿಯ ಪಾಠ ಎಂಬುದಷ್ಟೇ ಪ್ರಶ್ನೆ.

7ನೇ ತರಗತಿಯ ಗಣಿತವನ್ನು ನೀವು ಇಟ್ಟುಕೊಂಡದ್ದು ತಪ್ಪು. ಇದನ್ನು ನನ್ನ ಅನುಭವದಿಂದಲೇ ಹೇಳುತ್ತಿದ್ದೇನೆ. ನಾನು ಮುಖ್ಯ ಶಿಕ್ಷಕನಾದ ಮೊದಲ ವರ್ಷ 7ನೇ ತರಗತಿಯ ವಿಜ್ಞಾನವನ್ನು ಬಿಟ್ಟುಕೊಡಲಿಲ್ಲ. ನನ್ನಷ್ಟು ಚೆನ್ನಾಗಿ ಯಾರು ಮಾಡಿಯಾರು ಎಂಬ ಹಮ್ಮು ಅದರಲ್ಲಿತ್ತೆಂದು ಈಗ ಒಪ್ಪಿಕೊಳ್ಳಲು ಸಂಕೋಚವಿಲ್ಲ. ಡಿಸೆಂಬರ್‌ನಲ್ಲಿ ಪಾಠ ಟಿಪ್ಪಣಿ ತೆಗೆದು ನೋಡಿದಾಗ, ವಾರಕ್ಕೆ ಆರು ಅವಧಿಗಳಿದ್ದರೂ ನಾನು ಮೂರನ್ನು ಸಹ ಸರಿಯಾಗಿ ತೆಗೆದುಕೊಂಡಿರಲಿಲ್ಲ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಸಭೆ, ಬ್ಯಾಂಕು, ಕಟ್ಟಡ ನೋಡಲು ಬಂದ ಎಂಜಿನಿಯರು, ಒಂದಿಲ್ಲೊಂದು ಇದ್ದೇ ಇರುತ್ತಿತ್ತು. ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ ಬಿಟ್ಟು ಬೇರೆ ಬೋಧನೇತರ ಕೆಲಸಕ್ಕೆ ಶಿಕ್ಷಕರನ್ನು ನಿಯೋಜಿಸಬಾರದೆಂದು ಅದೇ ಕಾಯ್ದೆಯ 27ನೇ ಪ್ರಕರಣ ಹೇಳುತ್ತದೆ. ಸಭೆಗಳಿಂದ ಮುಖ್ಯ ಶಿಕ್ಷಕರನ್ನು ಕಾಪಾಡುವ ಪ್ರಕರಣವನ್ನು ಮಾತ್ರ ಯಾರೂ ಬರೆದಿಲ್ಲ. ಶಾಲೆಯ ಒಳ್ಳೆಯ ವಿಜ್ಞಾನ ಶಿಕ್ಷಕ ನಾನೇ ಆಗಿದ್ದರೂ ಆ ವರ್ಷ ವಿಜ್ಞಾನ ಸಿಗದೆ ಹೋದದ್ದು ನನ್ನ ಮಕ್ಕಳಿಗೇ.

ಮರುವರ್ಷದಿಂದ ಎರಡು ಬದಲಾವಣೆ ಮಾಡಿಕೊಂಡೆ. ಪ್ರಾರ್ಥನೆ ಮುಗಿದ ಕೂಡಲೇ ಬರುವ ಮೊದಲ ಅವಧಿಯನ್ನು ಮಾತ್ರ ನನ್ನದಾಗಿಸಿಕೊಂಡೆ, ಏಕೆಂದರೆ ಸಭೆಗಳು ಬಹುಮಟ್ಟಿಗೆ ಹನ್ನೊಂದರ ನಂತರ ಇರುತ್ತಿದ್ದವು. ಎರಡನೆಯದಾಗಿ, ಯಾರಾದರೂ ರಜೆ ಹಾಕಿದರೆ ಅವರ ಅವಧಿಗಳನ್ನು ಇತರರಿಗೆ ಹಂಚದೆ, ಸಾಧ್ಯವಾದಷ್ಟು ನಾನೇ ತೆಗೆದುಕೊಳ್ಳತೊಡಗಿದೆ. ಯಾರ ಕೈಯಿಂದಲೂ ಸೀಮೆಸುಣ್ಣ ಕಿತ್ತುಕೊಳ್ಳದೆ ಎಲ್ಲ ತರಗತಿಗಳ ಒಳಹೊರಗು ತಿಳಿಯುವುದಕ್ಕೆ ಬದಲಿ ಅವಧಿಗಿಂತ ಒಳ್ಳೆಯ ದಾರಿ ನನಗೆ ಇನ್ನೊಂದು ಕಾಣಲಿಲ್ಲ. ಯಾವ ಮಗುವಿಗೆ ಮಗ್ಗಿ ಬರುವುದಿಲ್ಲ, ಯಾರ ಪುಸ್ತಕವನ್ನು ತಿದ್ದಿ ತಿಂಗಳಾಗಿದೆ ಎಂಬುದೆಲ್ಲ ಅಲ್ಲಿ ತಾನಾಗಿಯೇ ಕಣ್ಣಿಗೆ ಬೀಳುತ್ತದೆ.

ಉತ್ತರ: ಮೂರನೇ ವರ್ಷದ ಅತಿಥಿ

ನೀವು ಹೇಳಿದ ಶಿಕ್ಷಕಿ ನಾನಲ್ಲ, ಆದರೆ ಬೇರೆ ಜಿಲ್ಲೆಯ ಅತಿಥಿ ಶಿಕ್ಷಕಿ. ನನಗೂ ಹೀಗೇ ಆಗಿದೆ ಮೇಡಂ. ಮಾತಿನಲ್ಲಿ ವ್ಯಂಗ್ಯವಿರಲಿಲ್ಲ ಎಂದು ಬರೆದಿದ್ದೀರಿ. ನಮ್ಮ ನೇಮಕ ಆ ಶೈಕ್ಷಣಿಕ ವರ್ಷಕ್ಕೆ ಮಾತ್ರ, ಅದೂ ಗೌರವಧನದ ಮೇಲೆ. ಮುಂದಿನ ಜೂನ್‌ನಲ್ಲಿ ಮತ್ತೆ ಕರೆಯುತ್ತಾರೋ ಇಲ್ಲವೋ ಎಂಬ ಯೋಚನೆ ಇರುವವರು ಮುಖ್ಯ ಶಿಕ್ಷಕರ ಮುಂದೆ ವ್ಯಂಗ್ಯವಾಡುವುದಿಲ್ಲ. ತಮ್ಮ ಕೆಲಸವನ್ನೇ ಅವರ ಕೈಗೊಪ್ಪಿಸಿ ಸುಮ್ಮನಾಗುತ್ತಾರೆ. ನೀವು ಕಂಡದ್ದು ಅಂಜಿಕೆ ಇರಬಹುದು.

ನಮ್ಮ ಮೊದಲಿನ ಶಾಲೆಯಲ್ಲಿ ಹೀಗಾದ ಮೇಲೆ ಒಂದು ವಾರದವರೆಗೆ, ನಾನು ಏನಾದರೂ ಬರೆದರೆ ಮಕ್ಕಳು ಒಮ್ಮೆ ಬಾಗಿಲ ಕಡೆ ನೋಡುತ್ತಿದ್ದರು. ದೊಡ್ಡ ಮೇಡಂ ಬಂದು ಸರಿ ಮಾಡುತ್ತಾರೆ ಎಂಬ ನಿರೀಕ್ಷೆ. ಆ ನೋಟ ಇಂದಿಗೂ ನೆನಪಿದೆ.

ಈಗಿನ ಮುಖ್ಯ ಶಿಕ್ಷಕರು ಬೇರೆ ರೀತಿ. ಮೊದಲೇ ಹೇಳಿ, ಕೊನೆಯ ಸಾಲಿನಲ್ಲಿ ಮಕ್ಕಳ ಜೊತೆ ನೆಲದ ಮೇಲೆ ಕುಳಿತು, ತಾವೂ ಲೆಕ್ಕ ಬರೆದುಕೊಳ್ಳುತ್ತಾರೆ. ಸಂಜೆ ಒಂದೇ ಒಂದು ವಿಷಯ ಮಾತನಾಡುತ್ತಾರೆ. ಒಮ್ಮೆ ನಿಮ್ಮಲ್ಲಿ ಆದಂಥದ್ದೇ ಲೆಕ್ಕ ಬಂದಿತ್ತು. "ಆ ಹುಡುಗನ ಉತ್ತರ ನೂರಕ್ಕಿಂತ ಕಡಿಮೆ ಬಂದಿತಲ್ಲ, ಆರುನೂರನ್ನು ಆರು ಜನರಿಗೆ ಹಂಚಿದರೆ ಎಷ್ಟೆಂದು ಮೊದಲೇ ಕೇಳಿದ್ದರೆ ಏನಾಗುತ್ತಿತ್ತು?" ಎಂದು ನನ್ನನ್ನೇ ಕೇಳಿದರು. ಮರುದಿನ ಲೆಕ್ಕ ಶುರುಮಾಡುವ ಮೊದಲು ಅಂದಾಜು ಹೇಳಿಸಿದೆ. ಈಗ ಪ್ರತಿ ಭಾಗಾಕಾರಕ್ಕೂ ಹೇಳಿಸುತ್ತೇನೆ. ನಿಮ್ಮ ಕಡ್ಡಿಕಟ್ಟಿನ ಚಿತ್ರ ಬಹಳ ಚೆನ್ನಾಗಿದೆ ಮೇಡಂ, ಅದನ್ನು ಹಿಂದಿನ ದಿನ ಸಂಜೆ ಅವರಿಗೇ ತೋರಿಸಿದ್ದರೆ ಮಕ್ಕಳ ಮುಖ ಅರಳುವುದನ್ನು ಅವರೂ ನೋಡಬಹುದಿತ್ತು.

ಉತ್ತರ: ಪ್ರೌಢಶಾಲೆಯವ

ಮೇಲಿನ ಮಾತಿಗೆ ಒಂದು ತಕರಾರು. ಕೊನೆಯ ಸಾಲಿನಲ್ಲಿ ಕುಳಿತರೂ ಅದು ತಪಾಸಣೆಯೇ. ಹೊಸಬರ ಕೈ ನಡುಗುತ್ತದೆ. ನಮ್ಮಲ್ಲಿ ಇದು ತಿರುಗುಮುರುಗು. ಮುಖ್ಯ ಶಿಕ್ಷಕರ ಪಾಠಕ್ಕೆ ನಾವು ಹೋಗಿ ಕೂರುತ್ತೇವೆ, ಅವರು ತಪ್ಪಿದ್ದನ್ನು ಹೇಳುತ್ತೇವೆ. ಅವರ ಪಾಠವನ್ನು ನಾವು ನೋಡಿದ ಮೇಲಷ್ಟೇ ಅವರು ನಮ್ಮ ಪಾಠಕ್ಕೆ ಬಂದರೆ ಯಾರಿಗೂ ಮುಜುಗರವಾಗುವುದಿಲ್ಲ.

ಉತ್ತರ: ಕೀಲಿಕೈ

ನಾನು ಎರಡೂವರೆ ವರ್ಷ ಪ್ರಭಾರಿಯಾಗಿದ್ದು, ಬಡ್ತಿಯವರು ಬಂದ ದಿನ ಕೀಲಿಕೈಗಳನ್ನು ಒಪ್ಪಿಸಿದವನು. ಆದ್ದರಿಂದ ನಿಮ್ಮ ಹಿರಿಯ ಸಹೋದ್ಯೋಗಿಯ ಮೌನದ ಬಗ್ಗೆ ಎರಡು ಮಾತು.

ಪ್ರಭಾರ ಹಸ್ತಾಂತರದ ಪಟ್ಟಿಯಲ್ಲಿ ಬೀರು, ಕುರ್ಚಿ, ವಹಿಗಳು, ತಕ್ಕಡಿ ಎಲ್ಲ ಬರುತ್ತವೆ. ಆ ಅವಧಿಯಲ್ಲಿ ಕಲಿತದ್ದು ಬರುವುದಿಲ್ಲ. ಕಾಂಪೌಂಡಿನ ವಿಷಯಕ್ಕೆ ಎಸ್‌ಡಿಎಂಸಿಯ ಯಾವ ಸದಸ್ಯರಿಗೆ ಮೊದಲು ಹೇಳಬೇಕು, ಯಾವ ಮಗುವಿನ ಮನೆಗೆ ಫೋನ್ ಮಾಡಿದರೆ ಪ್ರಯೋಜನವಿಲ್ಲ, ನಡೆದುಕೊಂಡೇ ಹೋಗಬೇಕು, ಇವು ಯಾವ ವಹಿಯಲ್ಲೂ ಇಲ್ಲ. ನನ್ನಿಂದ ಸಹಿ ಪಡೆದವರು ಇವುಗಳಲ್ಲಿ ಒಂದನ್ನೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಅದು ಸಿಟ್ಟೂ ಅಲ್ಲ, ಅಸೂಯೆಯೂ ಅಲ್ಲ. ಕೇಳದೆ ಹೇಳಿದರೆ ಇನ್ನೂ ಕುರ್ಚಿ ಬಿಟ್ಟಿಲ್ಲ ಎಂದಾರೆಂಬ ಭಯ. ನಿಮಗೆ ನಿಜವಾಗಿಯೂ ಗೊತ್ತಿಲ್ಲದ ವಿಷಯವೊಂದನ್ನು ಹಿಡಿದು ಅವರ ಬಳಿ ಹೋಗಿ. ಗೊತ್ತಿದ್ದೂ ಮರ್ಯಾದೆಗಾಗಿ ಕೇಳಿದರೆ ಹಿರಿಯರಿಗೆ ತಿಳಿದುಬಿಡುತ್ತದೆ.

ಇನ್ನು, ಹೇಳಿ ಮಾಡಿಸುವ ಹೊತ್ತಿಗೆ ನಾನೇ ಮುಗಿಸುತ್ತೇನೆ ಎಂಬ ಮಾತು. ಮೊದಲ ತಿಂಗಳು ಅದು ಪೂರ್ತಿ ನಿಜ. ಆದರೆ ಜೂನ್‌ನಲ್ಲಿ ಕೊಡದ ಕೆಲಸ ಮಾರ್ಚ್‌ವರೆಗೂ ನಿಮ್ಮ ಮೇಜಿನ ಮೇಲೇ ಇರುತ್ತದೆ. ನಗದು ವಹಿ ಮತ್ತು ಚೆಕ್ಕಿನ ಸಹಿಯನ್ನು ಯಾರಿಗೂ ಕೊಡಬೇಡಿ, ನಾಳೆ ಆಕ್ಷೇಪಣೆ ಬಂದರೆ ಉತ್ತರಿಸುವವರು ನೀವೇ. ಹಾಲಿನ ಪುಡಿಯನ್ನು ಮಾತ್ರ ಇವತ್ತೇ ಕೊಡಿ. ಮುಖ್ಯ ಅಡುಗೆಯವರು ತೂಗಲಿ, ಅಂದಿನ ಹಾಜರಾತಿಗೆ ಎಷ್ಟು ಗ್ರಾಂ ಎಂಬ ಲೆಕ್ಕವನ್ನು 7ನೇ ತರಗತಿಯ ಇಬ್ಬರು ಮಕ್ಕಳು ಬರೆದುಕೊಡಲಿ. 117 ಮಕ್ಕಳು ಬಂದರೆ 2 ಕೆಜಿ 106 ಗ್ರಾಂ. ಗಣಿತದವರಾದ ನಿಮಗೆ ಇದಕ್ಕಿಂತ ಒಳ್ಳೆಯ ದಿನನಿತ್ಯದ ಗುಣಾಕಾರ ಎಲ್ಲಿ ಸಿಕ್ಕೀತು? ವಾರಕ್ಕೊಮ್ಮೆ, ಯಾವ ದಿನ ಎಂದು ಹೇಳದೆ ಹೋಗಿ, ಉಳಿದ ಪುಡಿಯೂ ದಾಸ್ತಾನು ವಹಿಯ ಶಿಲ್ಕೂ ತಾಳೆಯಾಗುತ್ತವೆಯೇ ಎಂದು ನೋಡಿದರೆ ಸಾಕು.

ಮರುನುಡಿ: ಹತ್ತರ ಕಟ್ಟು

ಎಲ್ಲರಿಗೂ ಕೃತಜ್ಞತೆಗಳು. ನಾಲ್ಕು ದಿನ ತಡವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಅಷ್ಟರಲ್ಲಿ ಒಂದೆರಡನ್ನು ಮಾಡಿ ನೋಡಿದೆ.

ಹಾಲಿನ ಪುಡಿಯ ಲೆಕ್ಕ ಸೋಮವಾರದಿಂದ ಮಕ್ಕಳ ಕೈಗೆ ಹೋಗಿದೆ. ಮೊದಲ ದಿನ ಒಂದು ಸೊನ್ನೆ ಹೆಚ್ಚಾಗಿ 21 ಕೆಜಿ ಎಂದು ಬರೆದುಕೊಟ್ಟರು. ನಾನು ಬಾಯಿ ತೆರೆಯುವ ಮೊದಲೇ ಅಡುಗೆಯವರು "ಊರಿಗೆಲ್ಲ ಹಾಲು ಕಾಯಿಸೋದಾ?" ಎಂದು ಚೀಟಿಯನ್ನು ವಾಪಸು ಕಳುಹಿಸಿದರು. ಅತಿಥಿ ಶಿಕ್ಷಕಿಯ ಬಳಿ, ಮಕ್ಕಳ ಮುಂದೆ ಹಾಗೆ ಮಾಡಬಾರದಿತ್ತು ಎಂದು ಹೇಳಿದೆ. ಅವರು "ಪರವಾಗಿಲ್ಲ ಮೇಡಂ" ಎಂದರಷ್ಟೇ. ಅದು ಒಂದು ಮಾತಿನಲ್ಲಿ ಸರಿಹೋಗುವಂಥದ್ದಲ್ಲ ಎಂದು ಈಗ ಗೊತ್ತಾಗಿದೆ. ಮುಂದಿನ ವಾರ ಅವರೇ ನನ್ನ ತರಗತಿಗೆ ಬಂದು ಕೂರುತ್ತಾರೆ.

7ನೇ ತರಗತಿಯ ಗಣಿತವನ್ನು ಬಿಡಬೇಕೆಂಬ ಸಲಹೆಗೆ ಮಾತ್ರ ನನ್ನ ಮನಸ್ಸು ಒಪ್ಪಿರಲಿಲ್ಲ. ಕೊಡುವುದಾದರೂ ಯಾರಿಗೆ ಎಂದು ಹೋದ ವರ್ಷದ ವೇಳಾಪಟ್ಟಿ ತೆಗೆದು ನೋಡಿದೆ. ಪ್ರಭಾರಿಯಾಗಿದ್ದ ಎರಡು ವರ್ಷವೂ ಆ ವಿಷಯವನ್ನು ತೆಗೆದುಕೊಳ್ಳುತ್ತಿದ್ದವರು ಅದೇ ಹಿರಿಯ ಮೇಷ್ಟ್ರು. ನಾನು ಬಂದ ಮೊದಲ ವಾರ, ಅವರನ್ನು ಒಂದು ಮಾತೂ ಕೇಳದೆ ಹೊಸ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದೆ. ಹಳೆಯದು ಅದರ ಕೆಳಗೇ ಇತ್ತು.

ನಿನ್ನೆ ಊಟದ ಬಿಡುವಿನಲ್ಲಿ ಅವರ ಬಳಿ ಹೋಗಿ, ಮಧ್ಯಂತರ ರಜೆ ಮುಗಿದ ಮೇಲೆ ಏಳನೇ ತರಗತಿಯ ಗಣಿತವನ್ನು ಮತ್ತೆ ತೆಗೆದುಕೊಳ್ಳುತ್ತೀರಾ ಸರ್ ಎಂದು ಕೇಳಿದೆ. ಸ್ವಲ್ಪ ಹೊತ್ತು ಡಬ್ಬಿಯ ಮುಚ್ಚಳ ಹಾಕುತ್ತ ಸುಮ್ಮನಿದ್ದರು. ಆಮೇಲೆ, "ಭಿನ್ನರಾಶಿ ಮುಗಿದಿದೆಯಾ, ಅರ್ಧದಲ್ಲಿದೆಯಾ?" ಎಂದು ಕೇಳಿದರು.