ಕಾಡಿನ ಸ್ಮೈಥೀಸ್, ಸ್ಟಾಂಪಿನ ಸ್ಮೈಥೀಸ್ ಇಬ್ಬರೂ ಒಬ್ಬರೇನಾ?

ಹಳೇಆಲ್ಬಂ:
ಎಲ್ಲರಿಗೂ ನಮಸ್ಕಾರ. ಕಾರ್ಬೆಟ್ ನ್ಯಾಷನಲ್ ಪಾರ್ಕ್ ಹೇಗೆ ಶುರುವಾಯಿತು ಅಂತ ಓದುತ್ತಿದ್ದಾಗ ಇ. ಎ. ಸ್ಮೈಥೀಸ್ ಅನ್ನುವ ಅರಣ್ಯಾಧಿಕಾರಿಯ ಹೆಸರು ಸಿಕ್ಕಿತು. ಆಮೇಲೆ 1854ರ ಅರ್ಧ ಆಣೆ ಸ್ಟಾಂಪಿನ ಬಗ್ಗೆ ಹುಡುಕಿದರೆ ಅಲ್ಲೂ ಇ. ಎ. ಸ್ಮೈಥೀಸ್! ಇವರು ಒಬ್ಬರೇನಾ, ಇಲ್ಲ ಅಪ್ಪ-ಮಗ ಏನಾದರೂ ಇರಬಹುದಾ?

ಇನ್ನೊಂದು ಪ್ರಶ್ನೆ ಇದೆ. ಇವರನ್ನು ದೊಡ್ಡ ವಿದ್ವಾಂಸರು ಅಂತ ಬರೆದಿದ್ದಾರೆ. ಸ್ಟಾಂಪು ಕೂಡಿಡುವುದರಲ್ಲಿ ವಿದ್ವತ್ತು ಅನ್ನುವಂಥದ್ದು ಏನಿದೆ? ಕೆಣಕಲು ಕೇಳುತ್ತಿಲ್ಲ, ನಿಜವಾಗಿ ತಿಳಿದುಕೊಳ್ಳಬೇಕು. ನಮ್ಮ ತಾತನ ಆಲ್ಬಂ ಈಗ ನನ್ನ ಕೈಗೆ ಬಂದಿದೆ. ಅದರಲ್ಲಿ ಕಾಶ್ಮೀರ ಸಂಸ್ಥಾನದ ದುಂಡನೆಯ ಸ್ಟಾಂಪುಗಳಿವೆ, ಕಪ್ಪು, ನೀಲಿ, ಕೆಂಪು ಹೀಗೆ. ಕೆಲವು ಹಳೇ ಕಾಗದದ ತುಂಡಿಗೆ ಅಂಟಿಕೊಂಡಿವೆ. ನೀರಲ್ಲಿ ನೆನೆಸಿ ಬಿಡಿಸಬಹುದಾ?

ಠಸ್ಸೆಪ್ರಿಯ:
ಮೊದಲು ಕೊನೇ ಪ್ರಶ್ನೆಗೆ ಉತ್ತರ. ದಯವಿಟ್ಟು ನೀರು ಮುಟ್ಟಿಸಬೇಡಿ! ಕಾಶ್ಮೀರದ ಮೊದಮೊದಲ ಸ್ಟಾಂಪುಗಳಲ್ಲಿ ಎಷ್ಟೋ ನೀರುಬಣ್ಣದಲ್ಲಿ ಒತ್ತಿದವು. ನೆನೆಸಿದರೆ ಬಣ್ಣ ಬಿಟ್ಟುಕೊಂಡು ಹೋಗುತ್ತದೆ. ಕಾಗದದ ತುಂಡನ್ನೂ ಕತ್ತರಿಸಬೇಡಿ, ಅದರ ಮೇಲೆ ಮೊಹರು ಇದ್ದರೆ ಸ್ಟಾಂಪಿನಷ್ಟೇ ಮುಖ್ಯ ಅದು. ಹಾಗೇ ಇಡಿ. ಉಳಿದದ್ದು ಸಂಜೆ ಬರೆಯುತ್ತೇನೆ.

ಕಲ್ಲಚ್ಚು:
ಹೌದು, ಒಬ್ಬರೇ. ಎವೆಲಿನ್ ಆರ್ಥರ್ ಸ್ಮೈಥೀಸ್. 1885ರಲ್ಲಿ ಡೆಹ್ರಾಡೂನ್‌ನಲ್ಲಿ ಹುಟ್ಟಿದವರು, 1975ರಲ್ಲಿ ತೀರಿಕೊಂಡರು. ಆಕ್ಸ್‌ಫರ್ಡ್‌ನಲ್ಲಿ ಓದಿ ಅರಣ್ಯ ಸೇವೆಗೆ ಬಂದು ಸಂಯುಕ್ತ ಪ್ರಾಂತ್ಯದಲ್ಲಿ (ಈಗಿನ ಉತ್ತರ ಪ್ರದೇಶ, ಉತ್ತರಾಖಂಡ) ಮೇಲಿನ ಹುದ್ದೆಯವರೆಗೂ ಏರಿದರು. ಆಮೇಲೆ 1940ರ ದಶಕದಲ್ಲಿ ನೇಪಾಳ ಸರ್ಕಾರಕ್ಕೆ ಅರಣ್ಯ ಸಲಹೆಗಾರರಾಗಿದ್ದರು. ಮಗ ಬರ್ಟ್ರಮ್ ಕೂಡ ಹೆಸರುವಾಸಿ, ಬರ್ಮಾ ಮತ್ತು ಬೋರ್ನಿಯೋದ ಹಕ್ಕಿಗಳ ಬಗ್ಗೆ ಬರೆದವರು. ಆದರೆ ಸ್ಟಾಂಪಿನವರು ಅಪ್ಪನೇ.

ಇನ್ನು ವಿದ್ವತ್ತಿನ ಮಾತು. ಇದಕ್ಕೆ 1854ರ ಕಥೆಯಿಂದಲೇ ಶುರು ಮಾಡಬೇಕು.

ಆ ವರ್ಷ ಇಡೀ ದೇಶಕ್ಕೆ ನಡೆಯುವ ಸ್ಟಾಂಪು ಬೇಕಾಯಿತು. ಕಲ್ಕತ್ತಾದ ಸರ್ವೇ ಆಫೀಸಿನಲ್ಲಿ ಕ್ಯಾಪ್ಟನ್ ಥುಲಿಯರ್ ಉಸ್ತುವಾರಿಯಲ್ಲಿ ಎರಡು ಆಣೆಯದ್ದು ಬಿಟ್ಟು ಉಳಿದವನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದರು. ನಕ್ಷೆ ಅಚ್ಚು ಹಾಕುವ ಜನ, ಸ್ಟಾಂಪು ಅವರಿಗೆ ಹೊಸದು. ಅರ್ಧ ಆಣೆಯನ್ನು ಮೊದಲು ಕೆಂಪು ಬಣ್ಣದಲ್ಲೇ ಹಾಕಿದರು. ಇಂಗ್ಲೆಂಡಿನಿಂದ ಬಂದಿದ್ದ ಬಣ್ಣ ಮುಗಿದು ಇಲ್ಲಿಯ ಬಣ್ಣ ಬಳಸಿದಾಗ ಕಲ್ಲು ಕೆಡಲು ಶುರುವಾಯಿತು, ಹಾಗಾಗಿ ನೀಲಿಗೆ ಬದಲಾಯಿಸಿದರು. ಅಂಚಿನಲ್ಲಿ ತೂತು ಇಲ್ಲ, ಹಿಂದೆ ಅಂಟಿಲ್ಲ. ಅಂಚೆ ಆಫೀಸಿನವರು ಕತ್ತರಿಯಲ್ಲಿ ಕತ್ತರಿಸಿ ಕೊಡಬೇಕಿತ್ತು.

ಕಲ್ಲಚ್ಚಿನ ಕ್ರಮ ಹೀಗಿದೆ: ತಾಮ್ರದ ಹಲಗೆಯಲ್ಲಿ ಒಂದು ಮೂಲ ಚಿತ್ರ ಕೆತ್ತುತ್ತಾರೆ. ಅದರ ಪ್ರತಿಗಳನ್ನು ವಿಶೇಷ ಕಾಗದದ ಮೇಲೆ ತೆಗೆದು, ಸಾಲಾಗಿ ಜೋಡಿಸಿ, ಕಲ್ಲಿನ ಮೇಲೆ ಇಳಿಸುತ್ತಾರೆ. ಅರ್ಧ ಆಣೆಗೆ ಒಂದು ಹಾಳೆಯಲ್ಲಿ 96. ಹೀಗೆ ಇಳಿಸುವಾಗ ಪ್ರತಿಯೊಂದಕ್ಕೂ ಏನಾದರೂ ಒಂದು ಗುರುತು ಬೀಳುತ್ತದೆ, ಎಲ್ಲೋ ಒಂದು ಗೆರೆ ಮುರಿದಿರುತ್ತದೆ, ಎಲ್ಲೋ ಒಂದು ಚುಕ್ಕೆ ಜಾಸ್ತಿ, ಚಿತ್ರದಲ್ಲಿರುವ ವಿಕ್ಟೋರಿಯಾ ರಾಣಿಯ ಗಲ್ಲದ ಹತ್ತಿರ ಒಂದು ಬಿಳಿ ಕಲೆ. ಆ ಕಲ್ಲಿನಿಂದ ಬರುವ ಪ್ರತಿ ಹಾಳೆಯಲ್ಲೂ ಅದೇ ಜಾಗದಲ್ಲಿ ಅದೇ ಗುರುತು ಇರುತ್ತದೆ.

ಈಗ ಎಪ್ಪತ್ತು ವರ್ಷ ಮುಂದಕ್ಕೆ ಬನ್ನಿ. ಕಲ್ಲುಗಳು ಇಲ್ಲ. ಪೂರ್ತಿ ಹಾಳೆಗಳು ಬಲು ಅಪರೂಪ. ಇರುವುದೆಲ್ಲ ಬಿಡಿ ಸ್ಟಾಂಪು, ಒಂದಷ್ಟು ಜೋಡಿ, ಅಲ್ಲೊಂದು ಇಲ್ಲೊಂದು ನಾಲ್ಕರ ಬ್ಲಾಕು. ಜೋಡಿಯಲ್ಲಿ ಎಡಗಡೆಯದಕ್ಕೆ ಒಂದು ಗುರುತು, ಬಲಗಡೆಯದಕ್ಕೆ ಇನ್ನೊಂದು. ಆ ಬಲಗಡೆಯದು ಇನ್ನೊಂದು ಜೋಡಿಯಲ್ಲಿ ಎಡಗಡೆ ಬಂದರೆ ಮೂರನೆಯದರ ಜಾಗ ಗೊತ್ತಾಯಿತು. ಹೀಗೆ ಒಂದೊಂದೇ ಕೂಡಿಸಿ ಇಡೀ ಹಾಳೆಯನ್ನು ಮತ್ತೆ ಕಟ್ಟುವುದಕ್ಕೆ ಪ್ಲೇಟಿಂಗ್ ಅನ್ನುತ್ತಾರೆ. ಸ್ಮೈಥೀಸ್ ಮತ್ತು ಅವರ ಜೊತೆಗಾರ ಎಲ್. ಇ. ಡಾಸನ್ ಅರ್ಧ ಆಣೆಗೆ ಈ ಕೆಲಸ ಮಾಡಿ 1928ರಲ್ಲಿ ಪುಸ್ತಕ ತಂದರು. ನಾಲ್ಕು ಆಣೆಯದ್ದು ಡಿ. ಆರ್. ಮಾರ್ಟಿನ್ ಜೊತೆಗೆ 1930ರಲ್ಲಿ. ಒಂದು ಆಣೆ, ಎರಡು ಆಣೆಯದ್ದು ಡಾಸನ್ 1948ರಲ್ಲಿ ತಂದರು. ನಾಲ್ಕು ಸ್ಟಾಂಪು ಮುಗಿಯಲು ಇಪ್ಪತ್ತು ವರ್ಷ!

ಸುಮ್ನೆ ಗುರುತು ಪಟ್ಟಿ ಮಾಡಿದ್ದಲ್ಲ ಅದು. ಯಾವ ಕಲ್ಲು ಮೊದಲು, ಯಾವುದು ಆಮೇಲೆ, ಎಲ್ಲಿ ಕಲ್ಲು ಸವೆಯಿತು, ಎಲ್ಲಿ ಕೈಯಿಂದ ತಿದ್ದಿದರು ಅನ್ನುವುದೆಲ್ಲ ಅದರಿಂದ ಹೊರಗೆ ಬರುತ್ತದೆ. ಕಲ್ಕತ್ತಾದ ಆ ಕೆಲಸಗಾರರ ದಿನದ ಕೆಲಸವೇ ಕಣ್ಣಿಗೆ ಕಾಣುತ್ತದೆ. ನನ್ನ ಲೆಕ್ಕದಲ್ಲಿ ಇದು ಹಳೇ ತಾಳೆಗರಿಗಳನ್ನು ಹೋಲಿಸಿ ಮೂಲ ಪಾಠ ಹುಡುಕುವವರ ಕೆಲಸಕ್ಕೆ ಏನೂ ಕಡಿಮೆಯಲ್ಲ.

ಮಲೆಕಾನು:
ವಿವರ ಚೆನ್ನಾಗಿದೆ ಸರ್, ಆದರೆ ಒಂದು ಮಾತು ಹೇಳಲೇಬೇಕು. ಇದೇ ಸ್ಮೈಥೀಸ್ 1942ರಲ್ಲಿ, ಆಗ ನೇಪಾಳವನ್ನು ಆಳುತ್ತಿದ್ದ ಪ್ರಧಾನಿ ಜುದ್ಧ ಶಂಶೇರ್ ರಾಣಾ ಅವರ ಬೇಟೆಯ ಬಗ್ಗೆ ಪುಸ್ತಕ ಮಾಡಿದರು. ಆ ದೊರೆಯ ಬೇಟೆಗಳಲ್ಲಿ ಕೆಲವೇ ವರ್ಷದಲ್ಲಿ 433 ಹುಲಿ, 53 ಘೇಂಡಾಮೃಗ ಸತ್ತದ್ದು ದಾಖಲಾಗಿದೆ. ಓದಿದರೆ ಹೊಟ್ಟೆ ಉರಿಯುತ್ತದೆ. ಒಬ್ಬರ ಜೀವನ ಅಂತ ಹೇಳುವಾಗ ಸ್ಟಾಂಪು ಮಾತ್ರ ಹೇಳಿ ಇದನ್ನು ಬಿಡುವುದು ಸರಿಯಲ್ಲ.

ಕಲ್ಲಚ್ಚು:
ಬಿಡಬಾರದು, ಒಪ್ಪುತ್ತೇನೆ. ಜೊತೆಗೆ ಇದನ್ನೂ ಸೇರಿಸಿ. ಈಗಿನ ಕಾರ್ಬೆಟ್ ಪಾರ್ಕ್ ಜಾಗದಲ್ಲಿ ಬೇಟೆ ನಿಲ್ಲಿಸಿ ಕಾಯ್ದಿಟ್ಟ ಕಾಡು ಮಾಡಬೇಕು ಅಂತ 1916-17ರಲ್ಲೇ ಇ. ಆರ್. ಸ್ಟೀವನ್ಸ್ ಮತ್ತು ಸ್ಮೈಥೀಸ್ ಇಬ್ಬರೂ ಸರ್ಕಾರಕ್ಕೆ ಸೂಚಿಸಿದ್ದರು. ಆಗ ಯಾರೂ ಒಪ್ಪಲಿಲ್ಲ. 1936ರಲ್ಲಿ ಹೇಲಿ ನ್ಯಾಷನಲ್ ಪಾರ್ಕ್ ಅನ್ನುವ ಹೆಸರಲ್ಲಿ ಅದು ಆಯಿತು, ಗಡಿ ಗುರುತಿಸುವಾಗ ಜಿಮ್ ಕಾರ್ಬೆಟ್ ಅವರ ಸಲಹೆಯನ್ನೂ ತೆಗೆದುಕೊಂಡರು. ಕಾಡು ಉಳಿಸಿ ಅಂದವರೇ ಪಾರ್ಕ್ ಆದ ಆರು ವರ್ಷದ ಮೇಲೆ ಬೇಟೆಯ ಪುಸ್ತಕವನ್ನೂ ಬರೆದರು. ಆ ಪುಸ್ತಕ ನನಗೂ ಇಷ್ಟವಾಗುವುದಿಲ್ಲ. ಆದರೆ ಆ ಅಂಕಿ ಬರೆದಿಟ್ಟದ್ದರಿಂದಲೇ ಹಿಮಾಲಯದ ತಪ್ಪಲಿನ ತರಾಯಿ ಕಾಡಿನಲ್ಲಿ ಎಷ್ಟು ಹುಲಿ ಇದ್ದವು, ಎಷ್ಟು ಹೋದವು ಅಂತ ಇವತ್ತು ಮಾತಾಡಲು ಸಾಧ್ಯವಾಗಿದೆ.

ಠಸ್ಸೆಪ್ರಿಯ:
ಸಂಜೆ ಅಂದಿದ್ದೆ, ರಾತ್ರಿಯಾಯಿತು. ಕಾಶ್ಮೀರಕ್ಕೆ ಬರೋಣ.

ಆ ದುಂಡು ಸ್ಟಾಂಪುಗಳು 1866ರಲ್ಲಿ ಬಂದವು. ಯಂತ್ರ ಇಲ್ಲ, ಕೈಯಲ್ಲೇ ಒಂದೊಂದಾಗಿ ಒತ್ತಿದ್ದು. ಆಮೇಲೆ ಎಣ್ಣೆಬಣ್ಣ ಬಂತು, ಬೇರೆ ಬೇರೆ ಕಾಗದ ಬಂತು. ಅದರ ಮೇಲೆ ಸಂಗ್ರಾಹಕರಿಗೆ ಮಾರಲು ಮಾಡಿದ ಮರುಮುದ್ರಣ, ಅದರ ಮೇಲೆ ಪೂರ್ತಿ ನಕಲಿ. ಮೊದಲು ಸರ್ ಡೇವಿಡ್ ಮ್ಯಾಸನ್ ಇದರ ಬಗ್ಗೆ ದೊಡ್ಡ ಅಧ್ಯಯನ ಮಾಡಿದರು. ಅದು ಎಷ್ಟು ಜಟಿಲ ಅಂದರೆ ಹೊಸಬರು ಹತ್ತಿರ ಹೋಗುತ್ತಿರಲಿಲ್ಲ. 1937ರಲ್ಲಿ ಡಾಸನ್, ಸ್ಮೈಥೀಸ್ ಅದನ್ನೇ ಸರಳ ಮಾಡಿ ಕೊಟ್ಟರು. ಗಟ್ಟಿ ವಿಷಯವನ್ನು ಹೊಸಬರಿಗೆ ತಿಳಿಯುವ ಹಾಗೆ ಬರೆಯುವುದು ಕಷ್ಟ, ಸ್ಮೈಥೀಸ್ ಬಗ್ಗೆ ನನಗೆ ಜಾಸ್ತಿ ಗೌರವ ಇರುವುದು ಈ ಕಾರಣಕ್ಕೆ.

ಇವರ ಆಮೇಲೆ ಅದೇ ವಿಷಯ ಎತ್ತಿಕೊಂಡವರು ಯಾರು ಗೊತ್ತಾ? ಫ್ರಿಟ್ಸ್ ಸ್ಟಾಲ್! 1975ರಲ್ಲಿ ಕೇರಳದ ಪಾಂಜಾಳದಲ್ಲಿ ನಂಬೂದಿರಿಗಳು ನಡೆಸಿದ ಅಗ್ನಿಚಯನ ಯಾಗವನ್ನು ದಾಖಲಿಸಿದರಲ್ಲ, ಬರ್ಕ್ಲಿಯ ಆ ವೇದ ವಿದ್ವಾಂಸರೇ. ಯಾಗದ ಬಗ್ಗೆ ಅವರ ದೊಡ್ಡ ಗ್ರಂಥವೂ ಕಾಶ್ಮೀರದ ಸ್ಟಾಂಪಿನ ಗ್ರಂಥವೂ ಎರಡೂ 1983ರಲ್ಲೇ ಬಂದವು. ಸ್ಟಾಂಪಿನಲ್ಲಿ ವಿದ್ವತ್ತು ಏನಿದೆ ಅಂತ ಕೇಳಿದ್ದೀರಲ್ಲ, ಅಂಥವರಿಗೇ ಇದು ಜೀವನದ ಕೆಲಸ ಅನ್ನಿಸಿತ್ತು ಅಂದರೆ ಏನೋ ಇದೆ ಅಲ್ವಾ?

ನೇಪಾಳದ ಮೇಲೂ ಸ್ಮೈಥೀಸ್ ಕೆಲಸ ಮಾಡಿದ್ದಾರೆ. ಅಲ್ಲಿ ಮೊದಲ ಸ್ಟಾಂಪು ಬಂದದ್ದು 1881ರಲ್ಲಿ. ಮೇಲೆ ಕಿರೀಟ, ಕೆಳಗೆ ಅಡ್ಡಡ್ಡ ಎರಡು ಖುಕ್ರಿ (ಗೂರ್ಖಾಗಳ ಬಾಗಿದ ಕತ್ತಿ). ಹಾಳೆಗೆ 64, ಅದರಲ್ಲಿ ಕೆಲವು ಅಚ್ಚುಮೊಳೆ ತಲೆಕೆಳಗಾಗಿ ಕೂತಿವೆ. ಅವು ಯಾವಾಗ, ಯಾವ ಜಾಗದಲ್ಲಿ ತಲೆಕೆಳಗಾದವು ಅನ್ನುವುದರಿಂದಲೇ ಮುದ್ರಣದ ಕಾಲ ಹೇಳಬಹುದು. ಕೊನೆಗಾಲದಲ್ಲಿ ಅವರು ಕೆನಡಾದ ಹಳೇ ಠಸ್ಸೆಗಳ ಹಿಂದೆ ಬಿದ್ದರು. ಅದರಲ್ಲೂ ಪುಸ್ತಕ ಬರೆದರು.

ಹಳೇಆಲ್ಬಂ:
ಇಷ್ಟೆಲ್ಲ ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ಸ್ಟಾಂಪು ಹಾಗೇ ಇವೆ, ನೀರು ಮುಟ್ಟಿಸಿಲ್ಲ. ಇನ್ನೊಂದು ಕೇಳುತ್ತೇನೆ. ನಮ್ಮ ಮೈಸೂರು ಅಂಚೆಗೂ ಇಂಥ ಕೆಲಸ ಮಾಡಬಹುದಾ? ಕಾಶ್ಮೀರದ ಹಾಗೆ ನಮ್ಮದೂ ಸಂಸ್ಥಾನವೇ ತಾನೇ?

ಕಲ್ಲಚ್ಚು:
ಮಾಡಬಹುದು, ಆದರೆ ಬೇರೆ ರೀತಿ. ಚಿಕ್ಕದೇವರಾಜ ಒಡೆಯರ ಕಾಲದ್ದು ಅನ್ನುವ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಅಂಚೆಯಲ್ಲಿ ಸೇರಿಹೋಯಿತು. ಕಾಶ್ಮೀರ, ತಿರುವಾಂಕೂರಿನ ಹಾಗೆ ನಮ್ಮದು ಸ್ವಂತ ಸ್ಟಾಂಪು ಹೊರಡಿಸಲಿಲ್ಲ. ಹಾಗಾಗಿ ಪ್ಲೇಟಿಂಗ್ ಮಾಡಲು ಏನೂ ಇಲ್ಲ. ಇರುವುದು ಕಾಗದಗಳು, ಅವುಗಳ ಮೇಲಿನ ಅಂಚೆಮನೆ ಮುದ್ರೆಗಳು. ಯಾವ ಊರಿನ ಮುದ್ರೆ ಯಾವ ವರ್ಷದಿಂದ ಯಾವ ವರ್ಷದವರೆಗೆ ನಡೆಯಿತು ಅಂತ ಒಂದೊಂದೇ ಕಾಗದ ನೋಡಿ ಬರೆದಿಡಬೇಕು. ಸ್ಮೈಥೀಸ್ ಕೆನಡಾದ ಠಸ್ಸೆಗಳಿಗೆ ಮಾಡಿದ್ದು ಇಂಥದೇ ಕೆಲಸ. ನಿಮ್ಮ ತಾತನ ಆಲ್ಬಂ ಜೊತೆ ಹಳೇ ಕಾಗದದ ಕಟ್ಟು ಏನಾದರೂ ಇದ್ದರೆ, ಮಡಿಕೆ ಬಿಚ್ಚುವ ಮೊದಲು ಎರಡೂ ಕಡೆ ಫೋಟೋ ತೆಗೆದು ಇಲ್ಲಿ ಹಾಕಿ.