ಉಟ್ಸ್‌ಯೋಕಿಯ ಶಾಲೆಯಿಂದ ನಾವು ಕಲಿಯಬಹುದಾದ್ದು

ವಾರಕ್ಕೊಮ್ಮೆ ಆನ್‌ಲೈನ್ ಕನ್ನಡ ಪಾಠ ಕೇಳಿಸಿದರೆ ಮಕ್ಕಳಿಗೆ ಭಾಷೆ ಬಂದೀತೇ ಅಂತ ಇಲ್ಲಿ ಹಲವರು ಕೇಳಿದ್ದೀರಿ. ಫಿನ್‌ಲೆಂಡಿನಲ್ಲಿರುವ ನಾವು ಇದಕ್ಕೆ ಉಟ್ಸ್‌ಯೋಕಿಯ ಕಡೆ ನೋಡಬೇಕು. ದೇಶದ ಉತ್ತರದ ತುದಿಯಲ್ಲಿ ಸುಮಾರು 1,200 ಜನರ ಊರು. ಟೆನೊ ಹೊಳೆಯ ಸೇತುವೆ ದಾಟಿದರೆ ನಾರ್ವೆ.

ಅಲ್ಲಿ ಫಿನ್ನಿಶ್ ಜೊತೆ ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ಭಾಷೆಗೂ ಅಧಿಕೃತ ಸ್ಥಾನವಿದೆ. ಊರಿನ ಫಲಕದಲ್ಲಿ ಎರಡೂ ಹೆಸರು, ಕಚೇರಿಯಲ್ಲಿ ಸಾಮಿಯಲ್ಲೇ ಅರ್ಜಿ ಕೊಡಬಹುದು. 1992ರಲ್ಲಿ ಜಾರಿಯಾದ ಕಾನೂನಿನಿಂದ ಬಂದ ಹಕ್ಕು ಇದು. ಅದಕ್ಕೂ ಹಿಂದೆ, ಎರಡನೇ ಮಹಾಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ, ದೂರದ ಹಳ್ಳಿಗಳ ಮಕ್ಕಳು ಶಾಲೆಯ ಹಾಸ್ಟೆಲಿನಲ್ಲಿ ಫಿನ್ನಿಶ್ ಪಾಠ ಕೇಳುತ್ತಾ ಬೆಳೆದರು. ಅವರಲ್ಲಿ ಎಷ್ಟೋ ಮಂದಿ ಮುಂದೆ ತಮ್ಮ ಮಕ್ಕಳ ಜೊತೆ ಸಾಮಿ ಮಾತಾಡಲೇ ಇಲ್ಲ. ಓದಿದಾಗ ಹೊಟ್ಟೆ ಸಂಕಟವಾಗುತ್ತದೆ.

ಪಕ್ಕದ ಇನಾರಿಯಲ್ಲಿ 1997ರಲ್ಲಿ 'ಭಾಷಾ ಗೂಡು' ಶುರುವಾಯಿತು. ಶಾಲೆಗೆ ಸೇರುವ ಮುಂಚಿನ ಪುಟಾಣಿಗಳ ಜೊತೆ ದೊಡ್ಡವರು ಇಡೀ ದಿನ ಸಾಮಿಯಲ್ಲೇ ಮಾತಾಡುತ್ತಾರೆ. ಬೂಟು ಹಾಕಿಸುವಾಗ, ಊಟಕ್ಕೆ ಕೂರಿಸುವಾಗ, ಜಗಳ ಬಿಡಿಸುವಾಗಲೂ ಅದೇ ಭಾಷೆ. ಮಗು ಫಿನ್ನಿಶ್‌ನಲ್ಲಿ ಉತ್ತರಿಸಿದರೂ ಇವರು ಭಾಷೆ ಬದಲಿಸುವುದಿಲ್ಲ. ಮಕ್ಕಳು ಇಂಗ್ಲಿಷಿಗೆ ಹೊರಳಿದ ಕೂಡಲೇ ನಾವೂ ಹೊರಳಿಬಿಡುತ್ತೇವಲ್ಲ, ಅಲ್ಲೇ ಕೈತಪ್ಪುವುದು ಅಂತ ನನ್ನ ಅನಿಸಿಕೆ.

ಇನ್ನೊಂದು ವಿಷಯ. ಫಿನ್‌ಲೆಂಡಿನ ಸಾಮಿ ಜನರಲ್ಲಿ ಶೇ. 60ಕ್ಕೂ ಹೆಚ್ಚು ಮಂದಿ ಈಗ ಮೂಲನೆಲದ ಹೊರಗೆ, ಬೇರೆ ಊರುಗಳಲ್ಲಿದ್ದಾರೆ. ಹಾಗಾಗಿ 2018ರಿಂದ ಉಟ್ಸ್‌ಯೋಕಿ ಪುರಸಭೆಯೇ ಮುಂದೆ ನಿಂತು, ದೇಶದ ಬೇರೆ ಕಡೆಯ ಶಾಲೆಗಳ ಮಕ್ಕಳಿಗೆ ಆನ್‌ಲೈನಿನಲ್ಲಿ ಸಾಮಿ ಕಲಿಸುತ್ತಿದೆ. ಅಂದರೆ ಪಾಠ ಆನ್‌ಲೈನ್ ಆಗಿದ್ದರೆ ತಪ್ಪೇನಿಲ್ಲ. ಅದರ ಹಿಂದೆ ಶಾಲೆ ಮತ್ತು ಪುರಸಭೆ ನಿಂತಿರುವುದರಿಂದ ಆ ಪಾಠಕ್ಕೆ ತೂಕ ಬರುತ್ತದೆ.

ಅವರು ಮೂಲನಿವಾಸಿಗಳು, ನಾವು ವಲಸೆ ಬಂದವರು. ಅವರ ಹಕ್ಕು ನಮಗೆ ಸಿಗುವುದಿಲ್ಲ, ಕೇಳುವುದೂ ಸರಿಯಲ್ಲ. ಆದರೆ ಮನೆಭಾಷೆಯ ಪಾಠಕ್ಕೆ ಇಲ್ಲಿನ ಸರ್ಕಾರ ಪುರಸಭೆಗಳಿಗೆ ಅನುದಾನ ಕೊಡುತ್ತದೆ, ವಾರಕ್ಕೆ ಎರಡು ಗಂಟೆಯ ಲೆಕ್ಕದಲ್ಲಿ. ಪುರಸಭೆಗೆ ಇದು ಕಡ್ಡಾಯವಲ್ಲ, ಸಾಕಷ್ಟು ಮಕ್ಕಳೂ ಒಬ್ಬರು ಶಿಕ್ಷಕರೂ ಬೇಕು. ಒಬ್ಬೊಬ್ಬರೇ ಕೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಹೆಲ್ಸಿಂಕಿ ಪಕ್ಕದ ಎಸ್ಪೂ, ವಂಟಾ ಕಡೆಯ ಅಪ್ಪ ಅಮ್ಮಂದಿರು ಮಕ್ಕಳು ಯಾವ ತರಗತಿಯಲ್ಲಿದ್ದಾರೆ ಅಂತ ತಿಳಿಸಿ. ಕನ್ನಡ ಕಲಿಸಬಲ್ಲವರೂ ಹೇಳಿ. ಅರ್ಜಿಯನ್ನು ಫಿನ್ನಿಶ್‌ನಲ್ಲಿ ನಾನು ಬರೆದುಕೊಡುತ್ತೇನೆ.