‘ಅಳಿವೆ’ ಎಂದರೆ ಬಾಯಿ ಮಾತ್ರವೇ, ಒಳಗಿನ ಹೊಳೆಯೂ ಸೇರಿತೇ?

ಬಳಗದವರಿಗೆ ನಮಸ್ಕಾರ.

ಉತ್ತರ ಕನ್ನಡದ ಅಘನಾಶಿನಿ ಹೊಳೆಯ ಬಗೆಗಿನ ವಿಜ್ಞಾನ ವರದಿಗಳ ಸಾರವನ್ನು ಆ ದಂಡೆಯ ಊರುಗಳಲ್ಲೇ ಓದಿ ಹೇಳುವಂತೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಎಸ್ಚುಯರಿ’ (ಹೊಳೆಯ ನೀರೂ ಕಡಲ ನೀರೂ ಬೆರೆಯುವ ಭಾಗ) ಎಂಬ ಒಂದು ಪದದ ಹತ್ತಿರ ಕೆಲಸ ನಿಂತಿದೆ.

ಕರಾವಳಿಯಲ್ಲಿ ಮೀನುಗಾರರು ‘ಅಳಿವೆ’ ಎನ್ನುವುದನ್ನು ಹೆಚ್ಚಾಗಿ ಕೇಳಿರುವುದು ಹೊಳೆ ಕಡಲಿಗೆ ಬೀಳುವ ಬಾಯಿಗೆ. ಅಳಿವೆಯಲ್ಲಿ ಹೂಳು ತುಂಬಿದೆ, ಅಳಿವೆ ಬಾಗಿಲಲ್ಲಿ ದೋಣಿ ಮಗುಚಿತು ಎಂದು ಪತ್ರಿಕೆಗಳೂ ಬರೆಯುತ್ತವೆ. ವಿಜ್ಞಾನಿಗಳ ಎಸ್ಚುಯರಿ ಅಷ್ಟಕ್ಕೇ ಮುಗಿಯುವುದಿಲ್ಲ. ತದಡಿಯ ಬಾಯಿಂದ ಮಿರ್ಜಾನದ ಆಚೆಗೂ ಉಬ್ಬರದ ಉಪ್ಪುನೀರು ಏರಿ ಸಿಹಿನೀರಿನೊಡನೆ ಬೆರೆಯುವ ಹರವೆಲ್ಲ ಅದರಲ್ಲಿ ಸೇರುತ್ತದೆ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದು ಇದರ 4,801 ಹೆಕ್ಟೇರ್. ‘ಅಳಿವೆಯನ್ನು ಕಾಪಾಡಬೇಕು’ ಎಂದು ನಾನು ಬರೆದರೆ ಕೇಳುವವರಿಗೆ ಬಾಯಿಯ ಮರಳ ದಿಬ್ಬವಷ್ಟೇ ಕಂಡೀತು ಎಂಬುದು ನನ್ನ ಆತಂಕ. ಬೆಳಚು ಎಂಬ ಚಿಪ್ಪುಜೀವಿಯನ್ನು ಆರಿಸುವ ಜಾಗ, ಕಾಂಡ್ಲ ಗಿಡಗಳ ಕಾಡು, ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆ ಎಲ್ಲ ಇರುವುದು ಒಳಗೆ.

ಪಠ್ಯಪುಸ್ತಕದ ‘ನದೀಮುಖ’ವೂ ಬಾಯಿಯನ್ನೇ ಹೇಳುತ್ತದೆ. ಪಕ್ಕದಲ್ಲೇ ‘ನದೀಮುಖಜ ಭೂಮಿ’ (ಡೆಲ್ಟಾ) ಇದ್ದು ಗೊಂದಲ ಹೆಚ್ಚಿಸುತ್ತದೆ. ನಾನದನ್ನು ಬಳಸಲಾರೆ.

ಇನ್ನು ‘ಹಿನ್ನೀರು’. ನನಗೆ ಅತ್ಯಂತ ತೊಡಕೆನಿಸಿದ್ದು ಇದು. ಶರಾವತಿ ಹಿನ್ನೀರು ಎಂದರೆ ಮಲೆನಾಡಿನ ಸಾಗರ ಪಟ್ಟಣದ ಕಡೆಯವರಿಗೆ 1964ರ ಲಿಂಗನಮಕ್ಕಿ ಅಣೆಕಟ್ಟಿನ ಹಿಂದೆ ನಿಂತ ನೀರು. ಹೊನ್ನಾವರದಲ್ಲಿ ದೋಣಿವಿಹಾರದ ಫಲಕಗಳು ಅದೇ ಹೆಸರಲ್ಲಿ ಕಡಲ ಬದಿಯ ನೀರನ್ನು ತೋರಿಸುತ್ತವೆ. ವರದಿಯ ಮುಖ್ಯ ಮಾತು ಇರುವುದು ಈ ಎರಡರ ಸಂಬಂಧದಲ್ಲೇ. ವಿದ್ಯುತ್ತಿಗಾಗಿ ಮೇಲಿನಿಂದ ಬೇಸಿಗೆಯಲ್ಲೂ ಸಿಹಿನೀರು ಬಿಡುತ್ತಿರುವುದರಿಂದ ಕೆಳಗೆ ಉಪ್ಪಿನಂಶ ಇಳಿದು ಬೆಳಚಿನಂಥ ಚಿಪ್ಪುಜೀವಿಗಳು ಕ್ಷೀಣಿಸಿದವು. ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಅವು ಸಮೃದ್ಧವಾಗಿ ಉಳಿದವು. ಇದನ್ನು ‘ಹಿನ್ನೀರಿನಿಂದ ಹಿನ್ನೀರು ಕೆಟ್ಟಿತು’ ಎಂದು ಬರೆಯಲಾದೀತೇ?

ಈ ಅಧ್ಯಯನಗಳನ್ನು ನಡೆಸಿದ್ದು ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರ. ಕುಮಟಾದಲ್ಲಿ ಅದರ ಕ್ಷೇತ್ರ ಕೇಂದ್ರವಿದೆ. ಅಲ್ಲಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದ ಎಂ.ಡಿ. ಸುಭಾಷ್ ಚಂದ್ರನ್ ಅವರಂಥವರು ಊರವರ ಅರಿವನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ. ಅಘನಾಶಿನಿಯಲ್ಲಿ ಚಿಪ್ಪುಜೀವಿ ಆರಿಸಿ ಬದುಕುವವರು 2,347 ಮಂದಿ, ವಾರ್ಷಿಕ ವಹಿವಾಟು ಸುಮಾರು 5.78 ಕೋಟಿ ರೂಪಾಯಿ ಎಂಬ ಅಂದಾಜು 2008ರ ಅಧ್ಯಯನದ್ದು. ಇಳಿತದಲ್ಲಿ ಕೆಸರಿಗಿಳಿಯುವ ಹೆಂಗಸರ ದುಡಿಮೆ ಹೀಗೆ ಅಂಕಿಯಾಗಿ ಕಡತ ಸೇರಿದ್ದು ಸಣ್ಣ ಸಂಗತಿಯಲ್ಲ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗ, ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜು ಇವೆ. ಇವರೆಲ್ಲರ ಕೆಲಸ ಊರಿನ ಮಾತಿಗೆ ತಿರುಗಬೇಕೆಂಬುದೇ ನನ್ನ ಆಸೆ.

ನನಗೆ ತೋಚಿದ ದಾರಿ ಇದು: ಬಾಯಿಗೆ ‘ಅಳಿವೆ ಬಾಗಿಲು’ ಎಂದೂ ಇಡೀ ಹರವಿಗೆ ‘ಅಳಿವೆ’ ಎಂದೂ ಬಳಸಿ, ಮೊದಲ ಸಲ ‘ಉಪ್ಪು ಏರುವಷ್ಟು ದೂರದ ಹೊಳೆ’ ಎಂದು ಬಿಡಿಸಿ ಹೇಳುವುದು. ಬಾಯಿಗೆ ‘ಅಳಿವೆ ಬಾಗಿಲು’ ಎಂಬ ಹೆಸರೂ ರೂಢಿಯಲ್ಲಿರುವುದರಿಂದ ಈ ವಿಂಗಡಣೆ ನಿಲ್ಲಬಹುದು ಎನಿಸುತ್ತದೆ. ಹೊಳೆ ನಡುವಿನ ನಡುಗಡ್ಡೆಗೆ ಅಘನಾಶಿನಿಯ ಕಡೆ ‘ಕುರ್ವೆ’, ಕುಂದಾಪುರದ ಕಡೆ ‘ಕುದ್ರು’ ಎನ್ನುವ ಜನ ಇಡೀ ಹರವಿಗೂ ಏನೋ ಒಂದು ಹೆಸರು ಇಟ್ಟಿರಲೇಬೇಕು.

ಕುಂದಾಪುರ, ಹೊನ್ನಾವರ, ಅಂಕೋಲಾ ಕಡೆಯವರು ದಯವಿಟ್ಟು ತಿಳಿಸಿ: ನಿಮ್ಮ ಮನೆಮಾತಿನಲ್ಲಿ ‘ಅಳಿವೆ’ ಎಲ್ಲಿಗೆ ಮುಗಿಯುತ್ತದೆ? ಬೇಸಿಗೆಯಲ್ಲಿ ಉಪ್ಪು ಏರಿ ನಿಲ್ಲುವ ಆ ಗಡಿಗೆ ಹಾಲಕ್ಕಿ ಕನ್ನಡದಲ್ಲೋ ಕೊಂಕಣಿ, ತುಳುವಿನಲ್ಲೋ ಹೆಸರಿದೆಯೇ?